ನೀರು ಬೆರೆಸಿದ ಆಸಿಡ್ಡು

ರೇಷನ್ ಅಂಗಡಿಯ ಮಿಷಿನ್ನು ಕದಿರಮ್ಮನ ಗುರುತು ಹಿಡಿಯಲಿಲ್ಲ. ಬಲಗೈ ಹೆಬ್ಬೆರಳಿಟ್ಟಳು, ಕೆಂಪು ದೀಪ. ಎಡಗೈ ಹೆಬ್ಬೆರಳಿಟ್ಟಳು, ಕೆಂಪು ದೀಪ. ಸೆರಗಿಗೆ ಒರೆಸಿ ಇಟ್ಟಳು, ಎಣ್ಣೆಗೂದಲಿಗೆ ಉಜ್ಜಿ ಇಟ್ಟಳು. ಮಿಷಿನ್ನು ಜಪ್ಪಯ್ಯ ಅನ್ನಲಿಲ್ಲ.

“ಬೆರಳಲ್ಲಿ ಗೆರೆನೇ ಇಲ್ವಲ್ಲ ಕದಿರಕ್ಕ. ನೀನು ನೀನೇ ಅಂತ ಹೆಂಗೆ ನಂಬ್ಲಿ?” ಅಂದ ಅಂಗಡಿಯ ಅಂಜನ್ ಕುಮಾರ. ಚಿಕ್ಕಂದಿನಲ್ಲಿ ಅವಳ ಸೊಂಟದ ಮೇಲೆ ಕೂತು ಬೆಳೆದವನು.

“ನಿನ್ ಮೂಗು ಒರೆಸಿದ್ದೂ ಇದೇ ಬೆರಳು ಕಣ್ಲಾ. ಅವಾಗ ಗೆರೆ ಇತ್ತು, ನಿನ್ ಸಿಂಬ್ಳಕ್ಕೂ ಅದು ಸವೀಲಿಲ್ಲ!”

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗು ಸಿಕ್ಕಿತು, ಅಕ್ಕಿ ಸಿಗಲಿಲ್ಲ.

ಗೆರೆ ಎಲ್ಲಿ ಹೋಯಿತು ಅಂದರೆ, ಭವನದ ಮೋರಿಗೆ ಹೋಯಿತು. ಹುಲಿಕುಂಟೆಯಿಂದ ಒಳಗಿರುವ ಆ ಊರಿನ ಕಾಲೋನಿಗೆ ಒಂದು ಸಮುದಾಯ ಭವನ ಮಂಜೂರಾಗಿತ್ತು. ಕಾಲೋನಿಯವರೇ ಅರ್ಜಿ ಕೊಟ್ಟು, ಶಿರಾಕ್ಕೆ ಓಡಾಡಿ ಚಪ್ಪಲಿ ಸವೆಸಿ ಪಡೆದದ್ದು. ಊರೊಳಗಿನ ಛತ್ರದಲ್ಲಿ ಅವರು ಯಾವ ತಾರೀಖು ಕೇಳಿದರೂ ಖಾಲಿ ಇರುತ್ತಿರಲಿಲ್ಲ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಭವನದ ಗೋಡೆ ಏಳುವ ಮೊದಲೇ ಕದಿರಮ್ಮ ಬೀಗರಿಗೆ ಮಾತು ಕೊಟ್ಟಿದ್ದಳು: “ಮೊದಲನೇ ಮದ್ವೆ ನಮ್ ಚೈತ್ರಂದೇ.”

ಭವನ ಕಟ್ಟಿದವನು ಕಂಟ್ರಾಕ್ಟರ್ ನಾಗಭೂಷಣ್. ಟೈಲ್ಸ್ ಮೇಲೆ ಕಚ್ಚಿಕೊಂಡಿದ್ದ ಸಿಮೆಂಟು ತೆಗೆಯಲು ಕಾಲೋನಿಯ ಹೆಂಗಸರನ್ನೇ ಹಚ್ಚಿದ. ಸಿಮೆಂಟಿನ ಮೇಲೆ ಆಸಿಡ್ಡು ಬಿದ್ದರೆ ಬುಸಬುಸ ನೊರೆಯೆದ್ದು ಅದು ಮೆತ್ತಗಾಗಬೇಕು. ನಾಗಭೂಷಣ್ ಕೊಟ್ಟದ್ದು ಬಿದ್ದರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದು, ಆಕಳಿಸಿ, ಮಲಗಿಬಿಡುತ್ತಿತ್ತು.

“ಅರೆ, ಇದು ಆಸಿಡ್ ಅಲ್ಲ ಕದಿರಕ್ಕ, ಆಸಿಡ್ ಕ್ಯಾನ್ ತೊಳೆದ ಪಾನಿ,” ಅಂದಳು ಶರ್ಫುನ್ನೀಸಾ. ಅವಳೊಬ್ಬಳು ಮಾತ್ರ ಶಿರಾದಿಂದ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಬರುವವಳು. ಅಲ್ಲಿ ಎಷ್ಟೋ ಮನೆಗಳ ನೆಲ ಉಜ್ಜಿದ್ದಳು. “ಅವ್ರ ಡ್ರೈವರ್ ಬೋರ್‌ವೆಲ್ ಹತ್ರ ಕ್ಯಾನ್ ಹಿಡ್ಕೊಂಡು ನಿಂತಿದ್ನಲ್ಲ, ನಾನೇ ನೋಡ್ದೆ. ಬಿಲ್ಲು ಆಸಿಡ್ಡಿಗೆ, ಕೆಲ್ಸ ನಮ್ ಕೈಗೆ.”

ನೀರಾಸಿಡ್ಡಿಗೆ ಸಿಮೆಂಟು ಜಗ್ಗದಿದ್ದರೂ ಬೆರಳು ಜಗ್ಗಿತು. ಕೈಗವಸು ಕೇಳಿದ್ದಕ್ಕೆ ನಾಗಭೂಷಣ್ ತರಕಾರಿ ಕವರು ಕೊಟ್ಟು, “ಇದನ್ನೇ ಕಟ್ಕೊಳ್ಳಿ, ಗಾಳಿನೂ ಆಡ್ತದೆ” ಅಂದ. ಗಾಳಿಯ ಜೊತೆ ಆಸಿಡ್ಡೂ ಆಡಿತು. ಜೋರಾದ ಆಸಿಡ್ಡು ಒಂದು ಗಳಿಗೆಯಲ್ಲಿ ಮುಗಿಸುವ ಕೆಲಸಕ್ಕೆ ಹೆಂಗಸರು ಬೆಳಗಿನಿಂದ ಉಜ್ಜಿದರು. ಸಿಮೆಂಟಿನ ಗಟ್ಟಿಯನ್ನು ಉಳಿಯಿಂದ ಚೂರುಚೂರು ಮಾಡಿದರೆ ಆಸಿಡ್ಡು ಸ್ವಲ್ಪ ಬೇಗ ಹತ್ತುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಜಗಲಿ ಕಾದರೆ ಇನ್ನೂ ಸ್ವಲ್ಪ ಬೇಗ. ಹೀಗೆ ಒಡೆದು, ಬಿಸಿಲು ಕಾದು, ಉಜ್ಜಿ ಉಜ್ಜಿ, ಬೆರಳಿನ ಗೆರೆಯೂ ಸಿಮೆಂಟಿನ ಜೊತೆ ಕೊಚ್ಚಿಹೋಯಿತು. ಮೇಲಿಂದ “ನಿಮ್ ಕೈಯೇ ನಿಧಾನ” ಎಂಬ ಬೈಗುಳ ಬೇರೆ. ಕೇಳಿದರೆ ಯಾರಿಗಾದರೂ ಹೊಟ್ಟೆ ಉರಿಯಬೇಕು.

ಉದ್ಘಾಟನೆಯ ಹಿಂದಿನ ದಿನ ಬಾಗಿಲ ಪಕ್ಕದ ಮಾರ್ಬಲ್ ಕಲ್ಲನ್ನು ಚೈತ್ರ ಓದಿದಳು. ಅವ್ವನಿಗೆ ಬುತ್ತಿ ತಂದವಳು ಅಲ್ಲೇ ನಿಂತುಬಿಟ್ಟಳು. ಮೇಲಿನ ಸಾಲು ಇಲಾಖೆಯದು, ಆಳವಾಗಿ ಕೊರೆದದ್ದು: “ಕಾಲೋನಿ ಸಮುದಾಯ ಭವನ”. ಕೆಳಗಿನ ಖಾಲಿ ಜಾಗದಲ್ಲಿ ನಾಗಭೂಷಣ್ ತನ್ನದನ್ನು ಸೇರಿಸಿದ್ದ: “ದಿವಂಗತ ವೀರಭದ್ರಯ್ಯ ಸ್ಮಾರಕ. ನಿರ್ವಹಣೆ: ನಾಗಭೂಷಣ್ ಮತ್ತು ಸಹೋದರರು”. ಅಪ್ಪನ ಹೆಸರಿನಲ್ಲೂ ಉಳಿತಾಯ ಮಾಡಿದ್ದ. ಉಗುರಿನಲ್ಲಿ ಗೀರಿದಷ್ಟೇ ಕೆತ್ತನೆ, ಅದರ ಮೇಲೆ ದಪ್ಪಗೆ ಬಂಗಾರದ ಬಣ್ಣ.

“ನಿರ್ವಹಣೆ ಅಂದ್ರೇನೇ?” ಕೇಳಿದಳು ಕದಿರಮ್ಮ.

“ಬೀಗದ ಕೈ ಅವ್ರ ಹತ್ರ ಇರ್ತದೆ ಅಂತ ಕಣವ್ವ.”

ಕದಿರಮ್ಮ ತುತ್ತು ಬಿಟ್ಟು ಎದ್ದಳು. ನಾಗಭೂಷಣ್ ಅಂಗಳದಲ್ಲಿ ಶಾಮಿಯಾನ ಹಾಕಿಸುತ್ತಿದ್ದ.

“ಸ್ವಾಮಿ, ಮುಂದಿನ್ ತಿಂಗ್ಳು ನಮ್ ಚೈತ್ರನ ಮದ್ವೆ. ಇಲ್ಲೇ ಮಾಡ್ಬೇಕು ಅಂತ…”

“ತಾರೀಖು ಖಾಲಿ ಇಲ್ಲ ಕಣೆ.”

“ಇನ್ನೂ ಬಾಗ್ಲೇ ತೆಗ್ದಿಲ್ವಲ್ಲ ಸ್ವಾಮಿ!”

“ಆದ್ರೂ ಖಾಲಿ ಇಲ್ಲ. ಹೋಗು, ನೆಲ ಉಜ್ಜು.”

ಅಷ್ಟರಲ್ಲಿ ಎಂಜಿನಿಯರ್ ಬಂದು, ನೆಲದ ಕಲೆ ನೋಡಿ ನಾಗಭೂಷಣನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡ. “ನಾಳೆ ಸಾಹೇಬ್ರು ಬರ್ತಾರೆ. ಇದೇನ್ರೀ, ನೆಲವೋ ಎಮ್ಮೆ ಬೆನ್ನೋ?” ಬೇರೆ ದಾರಿ ಇಲ್ಲದೆ ನಾಗಭೂಷಣ್ ಡ್ರೈವರನ್ನು ಶಿರಾಕ್ಕೆ ಓಡಿಸಿ, ನೀರು ಸೋಕದ ಆಸಿಡ್ಡು ತರಿಸಿದ. ಮುಚ್ಚಳ ತೆಗೆದರೆ ಹೊಗೆ. ಹೆಂಗಸರು ಸೆರಗು ಮೂಗಿಗೆ ಕಟ್ಟಿ, ಕೆಮ್ಮುತ್ತಲೇ ಸುರಿದರು. ಸಿಮೆಂಟು ಬುಸುಗುಟ್ಟಿ ನೊರೆ ಕಾರಿತು.

“ಇಷ್ಟ್ ದಿನ ಎಲ್ಲಿದ್ದೆಯಪ್ಪಾ ನೀನು!” ಅಂತ ಶರ್ಫುನ್ನೀಸಾ ಕ್ಯಾನಿನ ಕೆನ್ನೆ ಸವರಿದಳು.

ನೆಲ ಮುಗಿಯಿತು. ಬ್ರಷ್ಶು ಕೊಡವುವಾಗ ಒಂದು ಹನಿ ಸಿಡಿದು ಬಾಗಿಲ ಪಕ್ಕದ ಕಲ್ಲಿಗೆ ಬಿತ್ತು. ಕಲ್ಲೂ ಬುಸ್ಸೆಂದಿತು! ಒರೆಸಿ ನೋಡಿದರೆ ‘ಸಹೋದರರು’ ಪದದ ಬಾಲ ಇಲ್ಲ.

ಕದಿರಮ್ಮ ಪಾಪದವಳು. ಓಡಿಹೋಗಿ ಹೇಳಿದಳು. “ಸ್ವಾಮಿ, ಆ ಹೆಸರಿನ ಕಲ್ಲು…”

“ಅದ್ರ ಮೇಲೂ ಗೋಡೆ ಪೇಂಟು ಸಿಡಿದೈತೆ, ನೋಡಿದೀನಿ. ಅದನ್ನೂ ಉಜ್ಜು.”

“ಈ ಆಸಿಡ್ಡಲ್ಲಾ?”

“ಇನ್ನೇನು ನಿನ್ ಬೇಳೆಸಾರಲ್ಲಾ?”

“ಕಲ್ಲು ಉಕ್ತದೆ ಸ್ವಾಮಿ.”

“ನಂಗೇ ಬುದ್ಧಿ ಹೇಳ್ತೀಯೇನೆ? ಹೇಳ್ದಷ್ಟು ಮಾಡು. ಒಂದ್ ಚುಕ್ಕೆನೂ ಇರ್ಬಾರ್ದು!”

ಎಂಜಿನಿಯರ್ ಕೇಳಿಸಿಕೊಂಡ. ಶಾಮಿಯಾನದವರು ಕೇಳಿಸಿಕೊಂಡರು. ಕದಿರಮ್ಮ ತರಕಾರಿ ಕವರಿನ ಗಂಟು ಬಿಗಿ ಮಾಡಿಕೊಳ್ಳುತ್ತ ವಾಪಸು ಬಂದಳು.

“ಏನಂದ್ರು?” ಕೇಳಿದಳು ಶರ್ಫುನ್ನೀಸಾ.

“ಒಂದ್ ಚುಕ್ಕೆನೂ ಇರ್ಬಾರ್ದಂತೆ ಕಣೆ.”

ಶರ್ಫುನ್ನೀಸಾ ಕಲ್ಲನ್ನು ಮೇಲಿಂದ ಕೆಳಕ್ಕೆ ನೋಡಿದಳು. ಪೇಂಟು ಸಿಡಿದದ್ದು ಕೆಳಗಿನ ಸಾಲುಗಳ ಮೇಲೆ ಮಾತ್ರ. “ತಣ್ಣಗೈತೆ ಕಲ್ಲು. ಮೊದ್ಲು ಬಿಸ್ನೀರಲ್ಲಿ ಸ್ನಾನ ಮಾಡಿಸ್ಲಾ ಅಕ್ಕ? ಬೇಗ ಆಗ್ತದೆ.”

“ಮಾಡ್ಸು. ದೊಡ್ಡೋರ ಹೆಸರು, ಕೊಳೆ ಇರ್ಬಾರ್ದು.”

ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಬ್ರಷ್ಶು ಹಿಡಿದರು. ಮೇಲಿನ ಸಾಲಿಗೆ ಒಂದು ತೊಟ್ಟೂ ತಾಗಿಸಲಿಲ್ಲ. ಕೆಲಸ ಮುಗಿದ ಮೇಲೆ ಶಾಮಿಯಾನದವನು ಬಂದು ಕಲ್ಲಿಗೆ ಹಳದಿ ಪರದೆ ಕಟ್ಟಿ ಹೋದ.

ಮಾರನೆಯ ಬೆಳಿಗ್ಗೆ ಸಾಹೇಬರು ಬಂದರು, ಹಾರ ಬಂತು, ಮೈಕು ಕಿರುಚಿತು. ನಾಗಭೂಷಣ್ ಬಿಳಿ ಅಂಗಿ ತೊಟ್ಟು, ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದ. ಸಾಹೇಬರು ದಾರ ಎಳೆದರು. ಪರದೆ ಸರಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಚೈತ್ರ ಎಲ್ಲರಿಗೂ ಕೇಳುವಂತೆ ಓದಿದಳು. “ಕಾಲೋನಿ ಸಮುದಾಯ ಭವನ!” ಅದರ ಕೆಳಗೆ ಓದಲು ಏನೂ ಇರಲಿಲ್ಲ. ತರಿತರಿಯಾದ ಬಿಳಿ ಕಲ್ಲು ಇತ್ತು. ಆಗ ಬಂತು ಚಪ್ಪಾಳೆ.

“ಯಾವಳೇ ಇದು ಮಾಡ್ದೋಳು?” ನಾಗಭೂಷಣ್ ಗಂಟಲು ಹರಿದುಕೊಂಡ.

“ನೀವೇ ಅಲ್ವಾ ಸ್ವಾಮಿ ಉಜ್ಜು ಅಂದಿದ್ದು?” ಅಂದಳು ಕದಿರಮ್ಮ.

“ನಾನೆಲ್ಲಿ ಅಂದೆ? ಪೊಲೀಸ್ ಕರೆಸ್ತೀನಿ! ಕ್ಯಾನ್ ಮೇಲೆ, ಬ್ರಷ್ ಮೇಲೆ ಬೆರಳಚ್ಚು ತೆಗೆಸ್ತೀನಿ! ಒಬ್ಬೊಬ್ಬಳನ್ನೂ ಹಿಡಿಸ್ತೀನಿ!”

ಎಂಜಿನಿಯರ್ ಆಕಾಶ ನೋಡಿದ. ಕದಿರಮ್ಮ ಮುಂದೆ ಬಂದು ಹೆಬ್ಬೆರಳನ್ನು ನಾಗಭೂಷಣನ ಮೂಗಿನ ನೇರಕ್ಕೆ ಎತ್ತಿದಳು. ನುಣ್ಣಗೆ ಹೊಳೆಯುತ್ತಿತ್ತು.

“ತೆಗೆಸಿ ಸ್ವಾಮಿ. ರೇಷನ್ ಅಂಗ್ಡಿ ಮಿಷಿನ್ಗೇ ಸಿಕ್ಕಿಲ್ಲ, ನಿಮ್ ಪೊಲೀಸ್ಗೆ ಸಿಕ್ತದಾ?”

ಪಕ್ಕದಲ್ಲಿ ಶರ್ಫುನ್ನೀಸಾಳ ಹೆಬ್ಬೆರಳು ಎದ್ದಿತು. ಅವಳ ಹಿಂದೆ ನೆಲ ಉಜ್ಜಿದ ಹೆಂಗಸರೆಲ್ಲರ ಹೆಬ್ಬೆರಳುಗಳು ಎದ್ದವು. ಒಂದರಲ್ಲೂ ಗೆರೆ ಇರಲಿಲ್ಲ.

ಕದಿರಮ್ಮ ಎತ್ತಿದ ಕೈಯನ್ನು ಇಳಿಸಿ, ಅಂಗೈ ತೆರೆದು ಅವನ ಮುಂದೆ ಚಾಚಿದಳು.

“ಅದು ಅಂಗಿರ್ಲಿ ಬುಡಿ. ಬೀಗದ ಕೈ ಕೊಡಿ ಇತ್ಲಾಗೆ. ಮಗಳ ಮದ್ವೆ ಐತೆ.”