ನೀರೊಳಗಿನ ಕೊಯ್ಲು

ಜೊಂಡು ಕೊಯ್ಯುವವರಿಗೆಲ್ಲ ಗೊತ್ತಿರುವ ಮಾತು: ಕುಡುಗೋಲು ನೀರಿಗಿಂತ ಒಂದು ಗೇಣು ಮೇಲೆಯೇ ಆಡಬೇಕು. ಉಳಿದ ಕೂಳೆಯಿಂದಲೇ ಬೇರು ಉಸಿರಾಡುವುದು. ಕೂಳೆ ಮುಳುಗಿದರೆ ಬೇರು ಕೊಳೆಯುತ್ತದೆ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವಳೇ ಜೊಂಡಿನ ಚಾಪೆ ನೇಯುವ ಚಾಪೆ ಅಕ್ಕ. ಆದರೆ ಹೋದ ವರ್ಷ ದೊಡ್ಡ ಸಭಾಂಗಣಕ್ಕೆ ಎಲ್ಲೂ ಜೋಡಣೆಯಿಲ್ಲದ ಅಗಲದ ಚಾಪೆ ಬೇಕೆಂದು ಬೇಡಿಕೆ ಬಂದಾಗ ಅವಳಿಗೆ ಆಸೆ ಹುಟ್ಟಿತು. ದಂಟು ಇನ್ನೊಂದು ಮೊಳ ಉದ್ದ ಸಿಗಲೆಂದು, ಯಾರೂ ಇಲ್ಲದ ಹೊತ್ತು ನೋಡಿ, ಜೌಗಿನ ಮೂಡಣ ಮೂಲೆಯಲ್ಲಿ ತೋಳನ್ನೇ ನೀರಿಗಿಳಿಸಿ ಕೊಯ್ದಳು. ಚಾಪೆ ನೋಡಿದವರೆಲ್ಲ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದರು. ಅವಳೂ ಇಳಿಯುವ ಗೋಜಿಗೆ ಹೋಗಲಿಲ್ಲ.

ಈ ವರ್ಷ ಆ ಮೂಲೆಯಲ್ಲಿ ಬರೀ ಕಪ್ಪು ನೀರು. ದಡದಲ್ಲಿ ಸೇರಿದ ನೇಯುವವರ ಕಣ್ಣು ಅದೇ ಜೌಗಿನಲ್ಲಿ ಬಾತುಕೋಳಿ ಮೇಯಿಸುವವನ ಮೇಲೆ ಬಿತ್ತು.

"ನಿನ್ನ ಬಾತುಗಳೇ ಚಿಗುರು ತಿಂದಿರೋದು. ನಾಳೆಯಿಂದ ಇಲ್ಲಿಗೆ ಬಿಡಬೇಡ," ಎಂದಳು ಅಕ್ಕನ ತಂಗಿ.

"ತಿಂದಿದ್ರೆ ಎಲ್ಲಾ ಕಡೆ ತಿಂತಿದ್ವು. ಒಂದೇ ಮೂಲೇಲಿ ಸಾಲಾಗಿ ಕೂತು ಊಟ ಮಾಡಿದ್ವಾ?" ಅವನು ಅಕ್ಕನತ್ತ ತಿರುಗಿದ. "ನೀವೇ ಹೇಳಿ ಅಕ್ಕ. ನಿಮ್ಮ ಮಾತು ಇವರು ತೆಗೆದುಹಾಕಲ್ಲ."

ಎಲ್ಲರೂ ಅವಳ ಬಾಯನ್ನೇ ನೋಡಿದರು.

"ಹೊಟ್ಟೆಬಾಕಗಳಿಗೆ ನನ್ನನ್ನ ವಕೀಲೆ ಮಾಡ್ತೀಯಲ್ಲಪ್ಪ," ಎಂದುಬಿಟ್ಟಳು.

ಎಲ್ಲರೂ ನಕ್ಕರು. ಅವನೂ ನಗಲು ನೋಡಿದ, ಆಗಲಿಲ್ಲ. ಬಾತುಗಳನ್ನು ಕರೆದುಕೊಂಡು ಹೊರಟುಹೋದ.

ಅಂದಿನಿಂದ ಅಕ್ಕ ನೇಯಲು ಕೂತರೆ ಎಳೆ ತಪ್ಪುತ್ತಿತ್ತು. "ಕಣ್ಣು ತೋರಿಸ್ಕೋ ಅಕ್ಕ," ಎಂದಳು ತಂಗಿ. ವಾರ ಕಳೆದ ಮೇಲೆ ಅಕ್ಕ ಆ ಮೂಲೆಗಿಳಿದು, ಕೊಳೆತ ಒಂದು ಬೇರನ್ನು ಕಿತ್ತು ತಂದು, ಜೊಂಡು ಒಣಹಾಕುತ್ತಿದ್ದವರ ನಡುವೆ ಇಟ್ಟಳು. ಕೂಳೆ ಬೆರಳುದ್ದವೂ ಇರಲಿಲ್ಲ. ಅದರ ತುದಿ ನುಣ್ಣಗೆ, ಓರೆಯಾಗಿತ್ತು.

"ಬಾತಿನ ಕೊಕ್ಕಿಗೆ ಇಷ್ಟು ಹರಿತ ಎಲ್ಲಿಂದ ಬರಬೇಕು. ಇದು ನನ್ನ ಕುಡುಗೋಲಿನದು. ಆ ದೊಡ್ಡ ಚಾಪೆಗೆ ಕೊಯ್ದಿದ್ದು."

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ತಂಗಿ ಮುಖ ತಿರುಗಿಸಿ ಜೊಂಡು ಹರಡತೊಡಗಿದಳು.

ಅಕ್ಕ ನೇರ ಬಾತಿನವನ ಮನೆಗೆ ಹೋದಳು. ಗೂಡು ಅರ್ಧ ಖಾಲಿ. ಮೇಯಲು ಜೌಗಿಲ್ಲದ ಮೇಲೆ ಅರ್ಧದಷ್ಟು ಬಾತುಗಳನ್ನು ಅವನು ಮಾರಿಬಿಟ್ಟಿದ್ದ. ಅವಳು ನಡೆದದ್ದನ್ನೆಲ್ಲ ಅವನಿಗೆ ಹೇಳಿದಳು.

"ಇನ್ನು ನೀರಿಗೆ ಬಿಡಪ್ಪ. ಎಲ್ಲರಿಗೂ ಹೇಳಿದ್ದೀನಿ," ಎಂದಳು.

"ಬಿಡ್ತೀನಿ. ಹೋದ ವರ್ಷ ನೀವು ಅಲ್ಲಿ ಕೊಯ್ಯೋದನ್ನ ನೋಡಿದ್ದೆ ಅಕ್ಕ. ನಾನು ಹೇಳಿದ್ರೆ ಯಾರು ನಂಬ್ತಿದ್ರು? ಅದಕ್ಕೇ ನೀವೇ ಹೇಳಿ ಅಂದೆ."

ಅಕ್ಕ ತಲೆ ಎತ್ತಲಾರದೆ ನೆಲ ನೋಡುತ್ತ ನಿಂತಳು. ಹೊರಡಬೇಕೆಂಬುದೂ ಅವಳಿಗೆ ತೋಚಲಿಲ್ಲ.