ಸಲೀಮನ ಬಿಲ್ಲೆ

ಪ್ರಿನ್ಸಿ ಒಮಾನಿನ ನಿಜ್ವಾದ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ಗ್ಲಾಡ್ವಿನ್ ಖರ್ಜೂರದ ಕಂಪೆನಿಯೊಂದರಲ್ಲಿ ಅಕೌಂಟೆಂಟ್. ಅವನಿಗೆ ಕುಡಿತ, ಇಸ್ಪೀಟು ಯಾವುದೂ ಇರಲಿಲ್ಲ. ಇದ್ದದ್ದು ಹಳೆಯ ಬಿಲ್ಲೆಗಳ ಹುಚ್ಚೊಂದೇ. ಬ್ರಿಟಿಷರ ಕಾಲದಲ್ಲಿ ಚಿಲ್ಲರೆಗೆ ತತ್ವಾರ ಬಂದಾಗ ಭಾರತದಂತೆ ಇಲ್ಲೂ ಕೆಲವು ಅಂಗಡಿಕಾರರು ತಮ್ಮ ಹೆಸರು ಒತ್ತಿಸಿದ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ಅದೇ ಅಂಗಡಿಗೆ ಮತ್ತೆ ಹೋದರೆ ಅದಕ್ಕೆ ಸಾಮಾನು ಸಿಗುತ್ತಿತ್ತು, ಬೇರೆಲ್ಲೂ ಕಿಮ್ಮತ್ತಿಲ್ಲ.

ಆ ಶುಕ್ರವಾರ ಅವನು ಊರಿನ ಸಂತೆಯಾದ ಸೂಕ್‌ನಿಂದ ತಂದದ್ದು ಮತ್ರಾ ಬಂದರಿನ ಕಚ್ಛಿ ಅಕ್ಕಿ ವ್ಯಾಪಾರಿಯೊಬ್ಬನ ಬಿಲ್ಲೆ. ಯಾರೋ ಅದಕ್ಕೊಂದು ಕೊಂಡಿ ಬೆಸೆದು ಕೊರಳಿಗೆ ಕಟ್ಟಿಕೊಂಡಿದ್ದರು. ಹಿಂಬದಿಯ ತುಂಬ ಗೀರು. ಗ್ಲಾಡ್ವಿನ್ ಕೊಂಡಿ ಕಿತ್ತ, ಅರ ಹಾಕಿ ಉಜ್ಜಿದ, ಹುಣಸೆಹುಳಿ ಹಚ್ಚಿ ತಿಕ್ಕಿದ. ಅಡುಗೆಮನೆಯಲ್ಲಿದ್ದ ಪ್ರಿನ್ಸಿಗೆ ಅರದ ಸದ್ದಿಗೆ ಹಲ್ಲು ಜುಮ್ಮೆಂದಿತು.

"ನೋಡು, ಹೊಸತರ ಹಾಗೆ ಆಯ್ತು," ಎಂದು ತಂದು ತೋರಿಸಿದ.

"ಚಂದ ಉಂಟು," ಎಂದಳು ಅವಳು.

ವಾರ ಕಳೆದ ಮೇಲೆ ಸುಹೈಲಾ ಬಂದರು. ಕಾಲಿನ ಗಾಯಕ್ಕೆ ಹಿಂದೆ ಪ್ರಿನ್ಸಿಯ ವಾರ್ಡಿನಲ್ಲಿದ್ದ ಮುದುಕಿ. ಮನೆ ಬದಲಾಯಿಸುವಾಗ ಸೊಸೆ ಹಳೆಯ ಪೆಟ್ಟಿಗೆಯನ್ನು ಸೂಕ್‌ಗೆ ಕೊಟ್ಟುಬಿಟ್ಟಿದ್ದಳಂತೆ. ಅದರೊಳಗೊಂದು ಬಿಲ್ಲೆಯಿತ್ತು, ನರ್ಸಮ್ಮನ ಗಂಡ ಕೊಂಡರೆಂದು ವ್ಯಾಪಾರಿ ಹೇಳಿದನಂತೆ.

ಗ್ಲಾಡ್ವಿನ್ ಕೂಡಲೇ ತಂದು ಕೊಟ್ಟ. ಸುಹೈಲಾ ಅಂಗಡಿಯ ಗುರುತನ್ನು ನೋಡಿ ಮುಗುಳ್ನಕ್ಕರು. ಮಗುಚಿದರು. ಹೆಬ್ಬೆರಳು ಆ ನುಣುಪಿನ ಮೇಲೆ ಸುತ್ತಿ ಸುತ್ತಿ ಬಂತು.

"ಇಲ್ಲೊಂದು ಹೆಸರಿತ್ತು ಮಗಳೇ."

"ಯಾರದ್ದು ಖಾಲಾ?" ಪ್ರಿನ್ಸಿ ಅರಬ್ಬಿಯಲ್ಲೇ ಕೇಳಿದಳು.

"ತಮ್ಮನದು. ಸಲೀಮ್. ಮತ್ರಾದಿಂದ ಅಕ್ಕಿ ತಂದಾಗ ಅಮ್ಮನಿಗೆ ಚಿಲ್ಲರೆಗೆ ಇದನ್ನು ಕೊಟ್ಟಿದ್ದರು. ಅವನು ಹಟ ಮಾಡಿ ಕೊರಳಿಗೆ ಕಟ್ಟಿಸಿಕೊಂಡ. ಅಕ್ಷರ ಕಲಿತ ಹೊಸದು, ಮೊಳೆಯಿಂದ ಹೆಸರು ಕೊರೆದ. ಆ ವರ್ಷ ವಾದಿಯಲ್ಲಿ, ಆ ಬತ್ತಿದ ಹಳ್ಳದಲ್ಲಿ, ನೆರೆ ಬಂತು. ಅವನು ಸಿಕ್ಕಾಗ ಮುಖ ಗುರುತಾಗಲಿಲ್ಲ. ಇದನ್ನು ನೋಡಿಯೇ ಅಮ್ಮ ನನ್ನ ಮಗ ಅಂದದ್ದು."

ಗ್ಲಾಡ್ವಿನ್‌ಗೆ ಅರಬ್ಬಿ ಅರೆಬರೆ. "ಎಂತ ಹೇಳ್ತಿದ್ದಾರೆ?" ಎಂದ. ಪ್ರಿನ್ಸಿ ಹೇಳಿದಳು.

"ಅವರದ್ದು ಬೇರೆ, ಇದಲ್ಲ ಅಂತ ಹೇಳು," ಎಂದ ತಗ್ಗಿದ ದನಿಯಲ್ಲಿ. "ಪ್ಲೀಸ್, ಹಾಗೇ ಹೇಳು."

ಪ್ರಿನ್ಸಿ ಗಂಡನನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಆಮೇಲೆ, ಗೀರು ಅಂದುಕೊಂಡು ಇವರು ಉಜ್ಜಿಬಿಟ್ಟರು ಖಾಲಾ, ಗೊತ್ತಿರಲಿಲ್ಲ ಎಂದಳು.

ಸುಹೈಲಾ ಬೈಯಲಿಲ್ಲ, ಅಳಲೂ ಇಲ್ಲ. ಅಷ್ಟು ಹೊತ್ತೂ ಅವರ ಬೆರಳು ಮಾತ್ರ ನಿಲ್ಲಲಿಲ್ಲ. ಏನು ಮಾಡಬೇಕೆಂದು ತೋಚದೆ ಪ್ರಿನ್ಸಿ ಒಂದು ಕಾಗದದ ಮೇಲೆ ಅರಬ್ಬಿಯಲ್ಲಿ ಸಲೀಮ್ ಎಂದು ಬರೆದು ಮುಂದಿಟ್ಟಳು. ಅಕ್ಕಸಾಲಿಗರ ಹತ್ತಿರ ಮತ್ತೆ ಕೊರೆಸಿ ಕೊಡುತ್ತೇವೆ ಎಂದಳು.

ಮುದುಕಿ ಕಾಗದವನ್ನು ಬಹಳ ಹೊತ್ತು ನೋಡಿದರು. "ನನಗೆ ಓದಲು ಬರುವುದಿಲ್ಲ ಮಗಳೇ. ನೋಡಿದರೆ ಗುರುತು ಸಿಗುತ್ತಿದ್ದದ್ದು ಅವನ ಹೆಸರೊಂದೇ. ಆದರೆ ಇದು ನೆಟ್ಟಗಿದೆ. ಅವನು ಬರೆದದ್ದು ಕೊನೆಗೆ ಓರೆಯಾಗಿ ಅಂಚಿನವರೆಗೂ ಜಾರಿತ್ತು."

ಕಾಗದ ಅಲ್ಲೇ ಉಳಿಯಿತು. ಬಿಲ್ಲೆಯನ್ನು ಶಾಲಿನ ತುದಿಗೆ ಗಂಟು ಹಾಕಿಕೊಂಡು ಅವರು ಎದ್ದರು. ಗ್ಲಾಡ್ವಿನ್ ಬಾಗಿಲವರೆಗೆ ಹೋದ.

ಆ ದಿನ ಅವನು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದ. "ನಾನು ಹೇಳಿದ್ದನ್ನು ನೀನು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವರು ಇನ್ನೂ ಹುಡುಕ್ತಾ ಇರ್ತಿದ್ರು," ಎಂದಳು ಪ್ರಿನ್ಸಿ. "ಸಾಯುವವರೆಗೂ."

ಮುಂದಿನ ಶುಕ್ರವಾರ ಗ್ಲಾಡ್ವಿನ್ ತಾನಾಗಿಯೇ ಕಾರು ತೆಗೆದ. ಸುಹೈಲಾ ತಮ್ಮ ಮನೆಯಲ್ಲಿ ಇಬ್ಬರಿಗೂ ಕಹ್ವಾ ಕಾಫಿ ಕೊಟ್ಟರು, ಖರ್ಜೂರ ಕೊಟ್ಟರು. ಕ್ಷಮೆ ಕೇಳಲು ಗ್ಲಾಡ್ವಿನ್ ಬಾಯಿಪಾಠ ಮಾಡಿಕೊಂಡು ಬಂದಿದ್ದ ಅರಬ್ಬಿ ಮಾತು ಅರ್ಧಕ್ಕೇ ನಿಂತಿತು. ಸಾಕು ಎನ್ನುವಂತೆ ಅವರು ಕೈಯಾಡಿಸಿ, ಊರಾಚೆಯ ಬಯಲಿಗೆ ಇಬ್ಬರನ್ನೂ ಕರೆದೊಯ್ದರು. ಅಲ್ಲಿ ಗೋರಿಗಳ ಮೇಲೆ ಯಾರ ಹೆಸರನ್ನೂ ಬರೆದಿರಲಿಲ್ಲ. ತಲೆಗೊಂದು, ಕಾಲಿಗೊಂದು ಕಾಡುಕಲ್ಲು ಅಷ್ಟೇ. ಅವುಗಳ ನಡುವೆ ಸುಹೈಲಾ ತಡವರಿಸದೆ ನಡೆದು, ಒಂದು ಪುಟ್ಟ ಗೋರಿಯ ಮುಂದೆ ನಿಂತರು.

ಗ್ಲಾಡ್ವಿನ್ ಚಪ್ಪಲಿ ಕಳಚಿ ಅವರ ಪಕ್ಕಕ್ಕೆ ಹೋಗಿ ನಿಂತ.