ಬಲಗಡೆಯ ಎಸಳು

ಬೇಗ ಬೀಳಲೆಂದು ರೂಪೇಶ ಬಲಗಡೆಯ ಹೂವಿನ ಎಸಳಿಗೆ ನೀರು ಕಡಿಮೆ ಹಚ್ಚಿದ. ಎಡಗಡೆಯದನ್ನು ಚೆನ್ನಾಗಿ ತೋಯಿಸಿ ದೇವರ ಕಲ್ಲಿಗೆ ಒತ್ತಿದ. ಬೆನ್ನ ಹಿಂದೆ ನೀಲಾ ಕೈ ಮುಗಿದು ನಿಂತಿದ್ದಳು. ಅವಳಿಗೆ ಇದು ಕಾಣುವಂತಿರಲಿಲ್ಲ. ದೇವರಿಗೆ ಕಂಡಿತೇ ಎಂದು ರೂಪೇಶ ಕೇಳಿಕೊಳ್ಳಲಿಲ್ಲ.

ಬಲಗಡೆಯ ಎಸಳು ಮೊದಲು ಬಿದ್ದು ಪ್ರಸಾದವಾದರೆ ರೋಷನ ಬದುಕಿದ್ದಾನೆ. ಎಡಗಡೆಯದು ಬಿದ್ದರೆ ಇಲ್ಲ.

ನೀಲಾಳ ಗಂಡ ರೋಷನ ಮೀನಿಗೆ ಹೋಗಿ ಆರು ದಿನವಾಗಿತ್ತು. ಮರುದಿನವೇ ಅವನ ದೋಣಿ ಮಾತ್ರ ಮಗುಚಿಕೊಂಡು ಸಿಕ್ಕಿತ್ತು. ಹುಡುಕಲು ಬಂದವರು ಹುಡುಕಿದರು, ಅವನ ಅಂಗಿಯ ಬಣ್ಣ ಬರೆದುಕೊಂಡು ಹೋದರು.

ರೂಪೇಶ ಕಾರವಾರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ, ಹಟ್ಟಿಕೇರಿಯಾಚೆಗಿನ ಈ ಕಡಲಬದಿಯ ಗುಡಿಯ ಪೂಜೆ ಅವನ ಪಾಲಿಗೆ ಬಂತು. ಬೆಳಿಗ್ಗೆ ದೀಪಕ್ಕೆ ಎಣ್ಣೆ ಹೊಯ್ದು, ಹೂವಿಟ್ಟು, ಒಂಬತ್ತರ ಬಸ್ಸು ಹಿಡಿಯುತ್ತಿದ್ದ.

ಚಿಕ್ಕವನಿದ್ದಾಗ ಅಪ್ಪನ ಹಿಂದೆ ಈ ಹೊಸ್ತಿಲು ದಾಟುವಾಗ, ಒಳಗೆ ಯಾರೋ ಆಗಲೇ ಎದ್ದು ಕೂತಿದ್ದಾರೆ ಅನ್ನಿಸಿ ದನಿ ತಗ್ಗಿಸುತ್ತಿದ್ದ. ಈಗಲೂ ತಗ್ಗಿಸುತ್ತಾನೆ, ಅಭ್ಯಾಸ. ಒಳಗೆ ಕಲ್ಲಿದೆ, ಸುಟ್ಟ ಬತ್ತಿಯ ವಾಸನೆಯಿದೆ. ಇದ್ದವರು ಯಾವಾಗ ಎದ್ದುಹೋದರೋ, ಹೇಳಿ ಹೋಗಿರಲಿಲ್ಲ.

“ಬಿತ್ತಾ?” ನೀಲಾ ಕೇಳಿದಳು.

“ಇಲ್ಲ. ತಡಿ.”

“ಬೀಳ್ತದೆ ಅಲ್ದಾ?”

“ಕೆಲವು ಸಲ ತಡ ಆಗ್ತದೆ.”

ಹತ್ತು ನಿಮಿಷವಾಯಿತು. ಬಲಗಡೆಯ ಎಸಳು ಒಣಗಿ ಅಂಚು ಸುರುಟಿಕೊಂಡಿತ್ತು. ಸರ್ಫೇಸ್ ಟೆನ್ಶನ್ ಪಾಠವನ್ನು ಹೋದ ವಾರವಷ್ಟೇ ಮುಗಿಸಿದ್ದ. ಯಾವ ಲೆಕ್ಕದಲ್ಲೂ ಅದು ಅಲ್ಲಿ ನಿಲ್ಲಬಾರದು. ನಿಂತಿತ್ತು.

ಬತ್ತಿ ಸರಿಮಾಡುವವನಂತೆ ಬಗ್ಗಿ, ಮೆಲ್ಲಗೆ ಉಸಿರೂದಿದ. ದೀಪ ವಾಲಿತು. ಎಸಳು ಒಮ್ಮೆ ನಡುಗಿ ಹಾಗೇ ಉಳಿಯಿತು.

ಇಲ್ಲಿ ಯಾರಾದರೂ ಇದ್ದರೆ ಒಂದು ಗುರುತು ಸಿಗಲಿ ಎಂದು ಎರಡು ವರ್ಷ ಕಾದವನಿಗೆ ಈಗ ಓಡಿಹೋಗಬೇಕು ಅನ್ನಿಸಿತು. ಕಡಲ ಗಾಳಿ, ತೇವ ಜಾಸ್ತಿ, ಅಷ್ಟೆ ಅಂದುಕೊಂಡ. ಅದನ್ನೂ ನಂಬಲಾಗಲಿಲ್ಲ.

“ನೀಲಾ, ಇವತ್ತು ಬಿಡುವಾ. ನಾಳೆ ಕೇಳುವಾ.”

“ಅವ ಇಲ್ಲೇ ಇದಾನೆ, ರೂಪೇಶಣ್ಣ.”

“ಯಾರು? ರೋಷನನಾ?”

“ದೇವ್ರು. ಹೇಳೂಕೆ ಮನಸ್ಸಾಗೂದಿಲ್ಲ ಅವನಿಗೆ. ಅದ್ಕೇ ಸುಮ್ಮನಿದಾನೆ.”

“ನಿಂಗೆ ಹೆಂಗೆ ಗೊತ್ತು?”

“ಸುಮ್ಮನಿದ್ದವ ಇಲ್ವೇ ಇಲ್ಲ ಅಂತ ಆಗ್ತದಾ?” ಅವಳು ಮೊದಲ ಬಾರಿ ಅವನ ಮುಖ ನೋಡಿದಳು. “ನಿಂಗೆ ಗೊತ್ತಾಗೂದಿಲ್ವಾ? ದಿನಾ ಮುಟ್ಟುವವ ನೀನು.”

‘ನೀರು ಹಚ್ಚುವಾಗ ನಾನು…’ ಎಂದು ಶುರುಮಾಡಬೇಕೆಂದು ಬಾಯಿ ತೆರೆದ.

“ಗೊತ್ತಾಗ್ತದೆ,” ಅಂದ.

ನೀಲಾ ಕಂಬಕ್ಕೊರಗಿ ಕೂತಳು. “ನೀ ಬಸ್ಸಿಗೆ ಹೋಗು. ಬೀಳುವವರೆಗೆ ನಾ ಇಲ್ಲೇ ಇರ್ತೆ.”

ಅವಳ ಮುಖದಲ್ಲಿ ಅಳುವಿರಲಿಲ್ಲ. ಗಂಡನನ್ನು ಕಳೆದುಕೊಂಡವಳ ನಂಬಿಕೆಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ತಿಳಿದು ರೂಪೇಶ ಬೇಗ ಬೇಗ ಅಂಗಿ ತೊಟ್ಟು ಹೊರಬಿದ್ದ.

ಬೇಲೆಯ ಮರಳ ದಂಡೆಯಲ್ಲಿ ಊರವರು ಕಡಲಿಗೆ ಬೀಸಿದ್ದ ದೊಡ್ಡ ರಂಪಣಿ ಬಲೆಯನ್ನು ಹಗ್ಗ ಹಿಡಿದು ದಡಕ್ಕೆ ಎಳೆಯುತ್ತಿದ್ದರು. ಹಗ್ಗದ ಮುಂದುಗಡೆಯಿದ್ದ ನಾಗು, ರೋಷನನ ಚಿಕ್ಕಪ್ಪ, ಅವನನ್ನು ಕಂಡು ಕೂಗಿದ.

“ಓ ಮಾಸ್ತರ್ರೇ, ಒಂದು ಕೈ ಹಾಕಿ ಮಾರಾಯ್ರೆ. ಬರೂದೇ ಇಲ್ಲ ಇದು.”

ಬಸ್ಸು ತಪ್ಪುತ್ತದೆ ಎನ್ನಬಹುದಿತ್ತು. ಪ್ಯಾಂಟು ಮಡಚಿ ಸಾಲಿನಲ್ಲಿ ಸೇರಿ ಹಗ್ಗ ಹಿಡಿದ. ಒದ್ದೆ ಹಗ್ಗ ಅಂಗೈಯನ್ನು ಕೊರೆಯಿತು. ಅದು ನೀರಿಗಿಳಿಯುವ ಜಾಗದವರೆಗೆ ಕಾಣುತ್ತಿತ್ತು. ಅದರಾಚೆ ಬರೀ ಬೂದು ಕಡಲು.

“ಮೀನು ಅಷ್ಟಿದೆಯಾ?” ಕೇಳಿದ.

“ಯಾರಿಗೆ ಗೊತ್ತು,” ಅಂದ ನಾಗು, ತಿರುಗಿ ನೋಡದೆ.

ಮೀನಲ್ಲದೆ ರೋಷನನೇ ಬಂದರೆ ಎಂಬ ಅಂಜಿಕೆಗೋ ಏನೋ, ದಿನಾ ಕೂಗು ಹಾಕಿ ಎಳೆಯುವವರು ಇಂದು ಕೂಗುತ್ತಿರಲಿಲ್ಲ. ಇಪ್ಪತ್ತು ಜನ, ಮರಳಲ್ಲಿ ಹಿಮ್ಮಡಿ ಹುಗಿದು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಆಗ ಕಡಲ ಕಡೆಯಿಂದ, ಯಾರೋ ಎಳೆದಂತೆ, ಹಗ್ಗ ಒಮ್ಮೆ ಜಗ್ಗಿತು.

ಎಲ್ಲರೂ ನಿಂತರು. ಯಾರೂ ಹಗ್ಗ ಬಿಡಲಿಲ್ಲ. ಯಾರೂ ಎಳೆಯಲಿಲ್ಲ.